ನಂಗೊತ್ತು ಭಾವನ ಐದು ನಿಮಿಷ

ಹೊಲಿಗೆಯವಳ ಗಂಡನ ಅಣ್ಣನಿಗೆ ಮನೆಮಂದಿ ಇಟ್ಟ ಹೆಸರು 'ನಂಗೊತ್ತು ಭಾವ'. ಎದುರಿನವರು ಮಾತು ಮುಗಿಸುವ ಮೊದಲೇ 'ನಂಗೊತ್ತು' ಎನ್ನುವುದು ಅವನ ಚಾಳಿ. ಗೊತ್ತಿದ್ದದ್ದು ಮಾತ್ರ ಸೊನ್ನೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಈ ಕೊಡ ಜನ್ಮದಲ್ಲಿ ನೀರು ಕಂಡಿರಲಿಲ್ಲ, ಆದರೂ ಸದ್ದಿಗೆ ಬರವಿರಲಿಲ್ಲ.

ಅವಳ ಗಂಡ ಹಡಗಿನಲ್ಲಿ ಅಡುಗೆಯವನು. ಹತ್ತು ತಿಂಗಳಿಗೆಂದು ಹೊರಟಾಗ ಕಾರಿನ ಕೀಲಿಯನ್ನು ಹೆಂಡತಿಯ ಕೈಗಿಟ್ಟ. ಅಂದಿನಿಂದಲೇ ಭಾವನ ಕಣ್ಣು ಕಾರಿನ ಮೇಲೆ ಬಿತ್ತು.

"ನೋಡಮ್ಮ, ಪ್ರತಿ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡು, ಬ್ಯಾಟರಿ ಚಾರ್ಜ್ ಆಗುತ್ತೆ. ಅಷ್ಟೂ ಆಗ್ಲಿಲ್ಲ ಅಂದ್ರೆ ಕಾರನ್ನ ನಾನೇ ತಗೊಂಡ್ಹೋಗ್ತೀನಿ. ತಮ್ಮ ಬರೋವರೆಗೂ ಓಡಿಸ್ಕೊಂಡಿರ್ತೀನಿ."

"ಆಗುತ್ತೆ ಭಾವ," ಎಂದಳು. ಹೇಳಿದಂತೆಯೇ ಮಾಡಿದಳು.

ಏಳನೆಯ ಭಾನುವಾರ ಕೀಲಿ ತಿರುಗಿಸಿದರೆ ಬರೀ 'ಟಕ್ ಟಕ್'. ಭಾವನಿಗೆ ಸುದ್ದಿ ಮುಟ್ಟಿದರೆ ಸಂಜೆಯೊಳಗೆ ಕಾರು ಅವನ ಮನೆ ಮುಂದೆ ನಿಂತಿರುತ್ತದೆ. ಓಡಿಹೋಗಿ ಬೀದಿ ಕೊನೆಯ ಬ್ಯಾಟರಿ ಅಂಗಡಿಯವನನ್ನು ಕರೆತಂದಳು.

"ಐದು ನಿಮಿಷ ಅಂತ ಯಾವ ಪುಣ್ಯಾತ್ಮ ಹೇಳಿದ್ದು ತಾಯಿ?" ಎಂದ ಅವನು. "ಸ್ಟಾರ್ಟ್ ಮಾಡೋಕೇ ಬ್ಯಾಟರಿ ಸಿಕ್ಕಾಪಟ್ಟೆ ಖರ್ಚಾಗುತ್ತೆ. ಐದು ನಿಮಿಷ ನಿಂತಲ್ಲೇ ಗುರ್ ಅಂದ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮಿಕ್ಕಿದ್ದನ್ನ ಗಡಿಯಾರ, ಅಲಾರಂ ಕುಡೀತಾ ಇರ್ತವೆ. ನಾನು ಫುಲ್ ಚಾರ್ಜ್ ಮಾಡ್ಕೊಡ್ತೀನಿ. ಆಮೇಲೆ ಮೈನಸ್ ವೈರ್ ಬಿಚ್ಚಿಡಿ, ತಿಂಗಳಿಗೊಂದ್ಸಲ ಚಾರ್ಜರ್ ಹಾಕಿ."

ಅವಳು ಒಂದು ಸ್ಪ್ಯಾನರ್, ಒಂದು ಚಾರ್ಜರ್ ಕೊಂಡಳು. ಬಿಚ್ಚಿದ ವೈರು ಬ್ಯಾಟರಿಗೆ ತಾಗದಿರಲೆಂದು, ಉಳಿದ ಹೂವಿನ ರವಿಕೆ ಬಟ್ಟೆಯಲ್ಲಿ, ದಾರ ಎಳೆದು ಬಾಯಿ ಬಿಗಿಯುವ ಪುಟ್ಟ ಚೀಲ ಹೊಲಿದು ಅದರ ತುದಿಗೆ ತೊಡಿಸಿದಳು. ಬೆಳಗಿನ ಹೊತ್ತು ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೂ ಹೋಗಿಬರತೊಡಗಿದಳು. ಭಾವನ ಬುದ್ಧಿವಾದವನ್ನು ನಂಬಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಗಿತ್ತು.

ಒಂಬತ್ತನೆಯ ತಿಂಗಳು ಭಾವ ಬಂದ, ಸಾಕ್ಷಿಗೊಬ್ಬ ಗೆಳೆಯನ ಜೊತೆ. ಕೀಲಿ ಕಸಿದುಕೊಂಡು ಕಾರಿನಲ್ಲಿ ಕೂತು ತಿರುಗಿಸಿದ. 'ಟಕ್' ಎಂಬ ಸದ್ದೂ ಇಲ್ಲ.

"ಸತ್ತೋಗಿದೆ! ನಂಗೊತ್ತಿತ್ತು. ಭಾನುವಾರ ಸ್ಟಾರ್ಟ್ ಮಾಡ್ತಿದ್ಯಾ?"

"ಇಲ್ಲ ಭಾವ, ಬಿಟ್ಟು ತಿಂಗಳುಗಟ್ಟಲೆ ಆಯ್ತು."

"ಅದಕ್ಕೇ!" ಅವನು ಗೆಳೆಯನ ಕಡೆ ತಿರುಗಿದ. "ಹೆಂಗಸರ ಕೈಗೆ ಕಾರು ಕೊಟ್ರೆ ಹಿಂಗೇ ಕಣಯ್ಯ. ಹಗ್ಗ ತಗೊಂಬಾ, ಎಳ್ಕೊಂಡ್ ಹೋಗೋಣ."

ಅವನ ಬಡಾಯಿ ಮುಗಿಯುವವರೆಗೂ ಅವಳು ಕಾದಳು. ಆಮೇಲೆ ಬಾನೆಟ್ ಎತ್ತಿ, ಹೂವಿನ ಬಟ್ಟೆಯ ಚೀಲ ತೆಗೆದು, ವೈರು ಕೂರಿಸಿ ನಟ್ಟು ಬಿಗಿದಳು.

"ಈಗ ತಿರುಗಿಸಿ."

ಮೊದಲ ಸಲಕ್ಕೇ ಎಂಜಿನ್ ಗುಡುಗಿತು. ಗೆಳೆಯ ಕಿಸಕ್ಕೆಂದ.

"ಇಳೀರಿ ಭಾವ. ಇದನ್ನ ಒಂದ್ ಗಂಟೆ ಓಡಿಸ್ಕೊಂಡ್ ಬರ್ತೀನಿ. ಗೇಟ್ ತೆಗೀರಿ."

"ನಿಂಗೆ... ಕಾರ್ ಓಡಿಸೋಕೆ ಬರುತ್ತಾ?"

"ಅಯ್ಯೋ," ಎಂದಳು ಅವಳು, ಸೀಟನ್ನು ಮುಂದಕ್ಕೆ ಎಳೆದುಕೊಳ್ಳುತ್ತ. "ನಿಮಗೆ ಗೊತ್ತಿರ್ಲಿಲ್ವಾ ಭಾವ?"