ಜಯಮ್ಮನ ಮೇಲೆ ನಾನು ಪಟ್ಟ ಅನುಮಾನ

ನಿನ್ನೆ ಪಕ್ಕದ ಮನೆಯವರು ಹರಳೆಣ್ಣೆ ಕಾಯಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ದೇವಲಾಪುರದ ಜಯಮ್ಮನ ನಡುಮನೆಯಲ್ಲಿದ್ದೆ.

ತೊಂಬತ್ತರ ದಶಕದ ಮಾತು. ನಾಗಮಂಗಲದಲ್ಲಿ ಸಮಾಜಸೇವೆಯ ಕೆಲಸ ನನಗೆ. ಮುಖ ನೋಡಿಯೇ ಸುಳ್ಳು ಹಿಡಿಯುತ್ತೇನೆಂಬ ಜಂಬ ಬೇರೆ. ಹಾಲಿಗೆ ನೀರು ಬೆರೆತದ್ದೂ ನಿನಗೆ ತಿಳಿಯುವುದಿಲ್ಲ ಎಂದು ನಮ್ಮ ಯಜಮಾನರು ನಗುತ್ತಿದ್ದರು, ಅದಿರಲಿ.

ಒಬ್ಬ ತಾಯಿ ಮಗಳನ್ನು ಕಂಬಕ್ಕೆ ಕಟ್ಟಿಹಾಕುತ್ತಾಳೆಂದು ಯಾರೋ ಹೇಳಿದರು. ಹೋದೆ. ನಿಜವೇ. ಏಳು ವರ್ಷದ ಸುಧಾ, ಹಳೇ ಸೀರೆಯಿಂದ ಸೊಂಟವನ್ನು ಕಂಬಕ್ಕೆ ಬಿಗಿಸಿಕೊಂಡು, ಅದರ ಬುಡದಲ್ಲಿ ಕೂತು ಬೆರಳುಗಳನ್ನು ಕಣ್ಣೆದುರು ಆಡಿಸುತ್ತಿದ್ದಳು. ಹೆಸರು ಕರೆದರೆ ತಿರುಗಲಿಲ್ಲ. ಮುಂಗೈ ತುಂಬ ಹಲ್ಲಿನ ಗಾಯ, ಮೇಲೆ ಹರಳೆಣ್ಣೆ.

"ಯಾರು ಕಚ್ಚಿದ್ದು?"

"ಅವ್ಳೇ ಕಚ್ಕತಾಳೆ ಮೇಡಮ್ಮೋರೆ," ಎಂದಳು ಜಯಮ್ಮ.

ನಾನು ನಂಬಲಿಲ್ಲ. ಅವಳೂ ನನ್ನನ್ನು ನಂಬಲಿಲ್ಲ. "ಮಗೀನ ಎತ್ಕೊಂಡೋಗಕ್ ಬಂದಿದ್ದೀರಾ?" ಎಂದು ಬಾಗಿಲಿಗೆ ಅಡ್ಡ ನಿಂತಳು.

"ಮೊದಲು ಬಿಚ್ಚಿ. ನಾನು ನೋಡ್ಕೋತೀನಿ," ಎಂದೆ ಗಡುಸಾಗಿ.

ಅವಳು ಬಿಚ್ಚಿ, ಉಕ್ಕುತ್ತಿದ್ದ ಹಾಲು ಇಳಿಸಲು ಒಳಗೆ ಹೋದಳು. ನಾನು ಪುಸ್ತಕ ತೆಗೆದು 'ತಾಯಿಯಿಂದ ಹಿಂಸೆ' ಎಂದು ಬರೆದೆ. ತಲೆಯೆತ್ತಿದರೆ ಸುಧಾ ಇಲ್ಲ.

ಮನೆ ಹಿಂದಿನ ಕೆರೆಯಲ್ಲಿದ್ದಳು. ಎದೆಮಟ್ಟದ ನೀರಲ್ಲಿ, ಹೊಳೆಯುವ ಬಿಸಿಲು ನೋಡುತ್ತ ಇನ್ನೂ ಮುಂದಕ್ಕೆ ಹೋಗುತ್ತಿದ್ದಳು. ನಾನು ಕೂಗಿದಷ್ಟೂ ದೂರವಾದಳು. ಓಡಿಬಂದ ಜಯಮ್ಮ ನನ್ನನ್ನು ಸುಮ್ಮನಾಗಿಸಿ ನೀರಿಗಿಳಿದಳು. ಗಂಟಲಲ್ಲಿ ರಾಗಿ ಬೀಸುವ ಕಲ್ಲಿನ ಸದ್ದು ಮಾಡಿದಳು, ಸಣ್ಣಗೆ, ಒಂದೇ ಸಮನೆ. ಮಗು ನಿಂತಿತು. ತಿರುಗಿ ಬಂದು ಅವಳ ಸೆರಗು ಹಿಡಿಯಿತು.

ದಡ ಹತ್ತಿದ ಮೇಲೆ ಜಯಮ್ಮ ನನ್ನ ಮುಖ ನೋಡದೆ ಹೇಳಿದಳು: "ಈಗ ಏನ್ ಬರ್ಕತೀರೋ ಬರ್ಕಳಿ."

ಬರೆದಿದ್ದನ್ನು ಹೊಡೆದುಹಾಕಿದೆ. ಬದಲಿಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಆಮೇಲೆ ತಾಯಿಮಗಳನ್ನು ಮೈಸೂರಿನ ವೈದ್ಯರೊಬ್ಬರ ಬಳಿ ಕರೆದೊಯ್ದಾಗಲೇ ಆಟಿಸಂ ಎಂಬ ಮಾತನ್ನು ನಾನು ಮೊದಲು ಕೇಳಿದ್ದು. "ಇದ್ಕೂ ಒಂದ್ ಎಸ್ರು ಐತಾ? ಅಂಗಾರೆ ನನ್ ತಪ್ಪಲ್ವಾ?" ಎಂದು ಎರಡೆರಡು ಸಲ ಕೇಳಿದ ಜಯಮ್ಮ, ವಾಪಸು ಬರುವಾಗ ಬಸ್ಸು ಶ್ರೀರಂಗಪಟ್ಟಣ ದಾಟಿ ಪಾಂಡವಪುರ ಮುಟ್ಟುವವರೆಗೂ ಅತ್ತಳು.

ನಿವೃತ್ತಿಯಾದ ಮೇಲೆ ನಾನು ಇಂಥ ಮಕ್ಕಳಿರುವ ಮನೆಗಳಿಗೇ ಹೋಗುತ್ತೇನೆ. ಈಗ ಅನುಮಾನ ಪಡುವ ಸರದಿ ಅವರದು. ನಿಮ್ಮನ್ನು ಯಾರು ಕಳಿಸಿದ್ದು, ಊರಲ್ಲಿ ಹೇಳಿಕೊಂಡು ತಿರುಗುತ್ತೀರಾ ಎನ್ನುತ್ತಾರೆ. ನನಗೆ ಬೇಜಾರಿಲ್ಲ. ಕೆ.ಆರ್. ಪೇಟೆಯ ಒಂದು ಮನೆಯಲ್ಲಿ ಎರಡು ವಾರ ಜಗಲಿಯ ಮೇಲಷ್ಟೇ ಕೂತು ಎದ್ದುಬಂದೆ. ಮೂರನೆಯ ವಾರ ಅಜ್ಜಿಯೊಬ್ಬರು ಅರ್ಧ ಬಾಗಿಲು ತೆರೆದು, "ಅವ್ನು ಕಿರುಚ್ತಾನೆ. ಎದ್ರುಕೋಬ್ಯಾಡಿ," ಎಂದರು.

ಚಪ್ಪಲಿ ಬಿಟ್ಟು ಒಳಗೆ ಹೋದೆ.