ಹೊಸ್ತಿಲಾಚೆಯಿಂದ ‘ನಂದು’ ಅಂದವಳು

ಇದನ್ನು ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ. ಆಮೇಲೆ, “ಬಾಣಂತಿ ಮನ್ಯಾಗ ನಿದ್ದಿಗೆಟ್ಟು ಏನೋ ಕೇಳಿರ್ಬೇಕು, ಬಿಡ್ರಿ” ಅನ್ನುತ್ತಾರೆ. ಅನ್ನಲಿ. ಹುಮನಾಬಾದಿನ ಒಂದು ದವಾಖಾನೆಯಲ್ಲಿ ಹದಿನಾರು ವರ್ಷದಿಂದ ಹೆರಿಗೆ ಕೋಣೆಯ ನೆಲ ಒರೆಸುತ್ತಿದ್ದೇನೆ. ರಾತ್ರಿ ಪಾಳಿ ನನಗೆ ಹೊಸದಲ್ಲ, ರಕ್ತ ಹೊಸದಲ್ಲ, ಸತ್ತ ಕೂಸೂ ಹೊಸದಲ್ಲ. ಯಾರಾದರೂ ದೆವ್ವ-ಗಿವ್ವ ಅಂತ ಶುರು ಮಾಡಿದರೆ, “ಬರ್ಲಿ, ಅದ್ರ ಕೈಯಾಗೂ ಒಂದ್ ಕಸಬರಿಗಿ ಕೊಡ್ತೀನಿ” ಅಂತ ನಗುತ್ತಿದ್ದವಳು ನಾನು.

ಈಗ ನಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮದು.

ನನ್ನ ತಂಗಿ ಮಹಾನಂದಾಳ ಮನೆ ಬಸವಕಲ್ಯಾಣದ ಆಚೆ, ಮಂಠಾಳದ ಹತ್ತಿರ, ಊರು ಬಿಟ್ಟು ಹೊಲದಲ್ಲಿ. ಗಂಡ ಶಿವರಾಯ ಕುರಿ ಸಾಕುವವನು. ಮೊದಲ ಕೂಸು ದವಾಖಾನೆಯಲ್ಲಿ ಹುಟ್ಟಿ ಎರಡೇ ದಿನಕ್ಕೆ ಹೋಯಿತು. ಎರಡನೆಯದು ಭಾಗಿ, ಹೆಣ್ಣು. ಅವಳು ಮನೆಯಲ್ಲೇ ಹುಟ್ಟಿದಳು, ಗುಂಡುಗುಂಡಾಗಿ ಬೆಳೆದಳು. ನಾಲ್ಕು ವರ್ಷಕ್ಕೆ ಜ್ವರ ಬಂತು. ದವಾಖಾನೆಗೆ ಒಯ್ದರು, ಮೂರನೇ ದಿನ ಅವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದರು.

ಆಗ ಮಹಾನಂದಾಗೆ ಮತ್ತೆ ಎರಡು ತಿಂಗಳು.

ಭಾಗಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಹುಡುಗಿಗೆ ಎಲ್ಲವೂ ತನ್ನದೇ. “ಈ ಮರಿ ಯಾರ್ದ?” ಅಂದರೆ ಸಾಕು, ಅಂಗೈಯಿಂದ ಎದೆಗೆ ಪಟ್ ಪಟ್ ಪಟ್ ಅಂತ ಮೂರು ಸಲ ಬಡಿದುಕೊಂಡು “ನಂದು!” ಅನ್ನುತ್ತಿದ್ದಳು. ರೊಟ್ಟಿ ಯಾರದು? ನಂದು. ಚಂದಪ್ಪ ಯಾರವನು? ನಂದು. ಅವಳ ಹಳದಿ ಫ್ರಾಕಿಗೆ ಒಂದು ಜೇಬಿತ್ತು, ಅದರಲ್ಲಿ ಯಾವಾಗಲೂ ಪುಟಾಣಿ, ಹುರಿಗಡಲೆ. ಮುತ್ತು ಕೇಳಿದರೂ ಮೊದಲು ಬಾಯಿಗೆ ಒಂದು ಪುಟಾಣಿ ತುರುಕುವಳು, ಅದೂ ತಾನು ಅರ್ಧ ಕಚ್ಚಿದ್ದು. ಹೊಟ್ಟೆಯಲ್ಲಿ ಕೂಸಿದೆ ಅಂತ ಅವ್ವ ಹೇಳಿದ ದಿನ, ಆ ಹೊಟ್ಟೆಯ ಮೇಲೆ ಕೈಯಿಟ್ಟು ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದಳು... “ಇದೂ ನಂದೇ!”

ಅಂಥ ಹುಡುಗಿ ಹೋದಳು. ನನ್ನನ್ನು ದೊಡ್ಡವ್ವಾ ಅಂತ ಕರೆಯುತ್ತಿದ್ದದ್ದು ಅವಳೊಬ್ಬಳೇ. ನನಗೆ ಮಕ್ಕಳಿಲ್ಲ.

ದಿನ ತುಂಬುತ್ತ ಬಂದಾಗ ಮಹಾನಂದಾ ಹಟ ಹಿಡಿದಳು. “ಅಕ್ಕಾ, ಆ ದವಾಖಾನಿ ಪಾವಟಿಗಿ ನಾ ಹತ್ತಾಂಗಿಲ್ಲ. ಎರಡು ಕೂಸು ಅಲ್ಲೇ ಬಿಟ್ಟು ಬಂದೀನಿ. ಸತ್ರ ಮನ್ಯಾಗ ಸಾಯ್ತೀನಿ.”

ನಾನು ಬೈದೆ, ಅತ್ತೆ, ಕಾಲು ಹಿಡಿಯುವುದೊಂದು ಬಾಕಿ. ಅವಳು ಜಗ್ಗಲಿಲ್ಲ. ಕೊನೆಗೆ ಒಪ್ಪಿದೆ. ಒಪ್ಪಬಾರದಿತ್ತು. ಪಕ್ಕದ ಹೊಲದ ಚಂದ್ರಮ್ಮನ ಮಗನ ಟಂಟಂ ಆಟೋ ಯಾವಾಗ ಕರೆದರೂ ಬರಬೇಕು ಅಂತ ಮಾತ್ರ ಗಟ್ಟಿ ಮಾಡಿಕೊಂಡೆ.

ರಜೆ ಹಾಕಿ ಬಂದು ತಯಾರಿಗೆ ನಿಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ, ಎಲ್ಲ ಇದ್ದದ್ದರಲ್ಲೇ. ಹೊಸದಾಗಿ ತಂದದ್ದು ಬ್ಲೇಡು, ಸಾಬೂನು, ದಾರದ ಉಂಡೆ. ಹೆರಿಗೆಗೆ ಹಾಸಲು ಗೊಬ್ಬರದ ಚೀಲಗಳನ್ನು ತೊಳೆದು ಬಿಸಿಲಿಗೆ ಹಾಕಿದೆ. ಬಾಣಂತಿಯ ಅಂಟಿನುಂಡಿಗೆ ಅಂಟಿನ ಬದಲು ಅಳವಿ ಬೀಜ ಹಾಕಿದೆ. ಹೊಗೆ ಹಾಕಲು ಬೆಳ್ಳುಳ್ಳಿ ಸಿಪ್ಪೆಯನ್ನು ತಿಂಗಳಿಂದ ಕೂಡಿಟ್ಟಿದ್ದಳು ತಂಗಿ, ಅದಕ್ಕೆ ಅಜವಾನ ಬೆರೆಸಿ ಡಬ್ಬಿ ತುಂಬಿದೆ.

ಕೂಸಿನ ಅರಿವೆಗೆ ನಮ್ಮಲ್ಲಿ ಒಂದು ರೂಢಿ. ಹೊಸ ಬಟ್ಟೆ ಹಾಕುವುದಿಲ್ಲ. ಮಕ್ಕಳು ಬದುಕಿ ಬಾಳುತ್ತಿರುವ ಮನೆಯಿಂದ ಹಳೆ ಅರಿವೆ ಬೇಡಿ ತರಬೇಕು. ಐದೂ ಮಕ್ಕಳು ಗಟ್ಟಿಯಾಗಿರುವ ಚಂದ್ರಮ್ಮ ಎರಡು ಧೋತರದ ತುಂಡು ಕೊಟ್ಟಳು. ಸಾಲಲಿಲ್ಲ. ಟ್ರಂಕಿನ ತಳ ಹುಡುಕುವಾಗ ಕೈಗೆ ಸಿಕ್ಕಿತು, ಆ ಹಳದಿ ಫ್ರಾಕು.

ಎಂಥ ಮೆತ್ತನೆಯ ಬಟ್ಟೆ ಅಂತೀರಿ! ಎಸೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ಹೋದ ಕೂಸಿನ ಅರಿವೆ ಬರುವ ಕೂಸಿಗೆ ತಾಗಿಸಬಾರದು ಅಂತ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಜೇಬು ಬಿಚ್ಚಿ ಒಲೆಗೆ ಹಾಕಿದೆ. ಉಳಿದದ್ದನ್ನು ಕುದಿಯುವ ನೀರಲ್ಲಿ ಅರ್ಧ ತಾಸು ಅದ್ದಿ, ಒಣಗಿಸಿ, ಬಾಕಿ ಬಟ್ಟೆಯೊಳಗೆ ಮಡಚಿಟ್ಟೆ.

ಮಹಾನಂದಾ ಅರಿವೆಯ ಗಂಟು ಮೂಸಿ ನೋಡಿದಳು. “ಅಕ್ಕಾ... ಇದು ಭಾಗಿದಲ್ಲ?”

“ಹುಚ್ಚೀ, ಚಂದ್ರಮ್ಮನ ಮನಿದದ,” ಅಂದೆ. ಅವಳು ಆ ಗಂಟನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು.

ಇನ್ನೊಂದು ರೂಢಿಯನ್ನೂ ಹೇಳಬೇಕು. ಕೂಸುಗಳು ನಿಲ್ಲದ ತಾಯಿಗೆ ಮತ್ತೆ ಕೂಸು ಹುಟ್ಟಿದರೆ ಅದನ್ನು ಮೊರದಲ್ಲಿ ಹಾಕಿ ಹೊಸ್ತಿಲ ಆಚೆ ಚಾಚುತ್ತಾರೆ. ಸೂಲಗಿತ್ತಿ ಮೂರು ಸಲ ಕೇಳುತ್ತಾಳೆ, “ಈ ಕೂಸು ಯಾರ್ದು?” ಮನೆಯವರು ಉಸಿರೆತ್ತಬಾರದು. ಹೊರಗೆ ನಿಂತ ಬೇರೆ ಮನೆಯ ಹೆಂಗಸು “ನಂದು” ಅಂದು, ಒಂದು ಹಿಡಿ ಕಾಳು ಮೊರಕ್ಕೆ ಹಾಕಿ ಕೊಂಡುಕೊಳ್ಳುತ್ತಾಳೆ. ಆಮೇಲೆ ಸಾಕಲು ಅಂತ ತಾಯಿಗೇ ಕೊಡುತ್ತಾಳೆ. ಈ ಕೂಸು ಇವಳದಲ್ಲ ಅಂತ ಸಾವಿಗೆ ಸುಳ್ಳು ಹೇಳುವುದು, ಅಷ್ಟೇ. ಜವಳ ತೆಗೆಯುವ ಮುಂಚೆ ಕೊಂಡವಳಿಗೆ ಒಂದು ಸೇರು ಜೋಳ ಕೊಟ್ಟು ಕೂಸನ್ನು ಬಿಡಿಸಿಕೊಳ್ಳಬೇಕು. “ಮೂರನೇ ಸಲಕ್ಕೂ ಯಾರೂ ಅನ್ನದಿದ್ರ?” ಅಂತ ನಾನೊಮ್ಮೆ ಸೂಲಗಿತ್ತಿ ಕಾಶೆಮ್ಮನನ್ನು ಕೇಳಿದ್ದೆ. ಮುದುಕಿ ಮೇಲೆ ಕೈ ತೋರಿಸಿದ್ದಳು. ಚಂದ್ರಮ್ಮನೇ ಬಂದು ಕೊಂಡುಕೊಳ್ಳುವುದು ಅಂತ ನಿಕ್ಕಿಯಾಗಿತ್ತು.

ಸಂಜೆ ಬೇನೆ ಶುರುವಾಯಿತು. ಚಳಿಗಾಲ, ಊಟದ ಹೊತ್ತಿಗೆ ಕರೆಂಟು ಹೋಯಿತು. ಸುತ್ತ ಒಣಗಿದ ತೊಗರಿ, ಗಾಳಿ ಬೀಸಿದರೆ ಕಾಯಿಗಳು ಗಲಗಲ ಅನ್ನುತ್ತಿದ್ದವು. ಒಳಗೆ ಅಜವಾನದ ಹೊಗೆ, ಹರಳೆಣ್ಣೆಯ ವಾಸನೆ, ತಂಗಿಯ ನರಳಾಟ. ನಾನು, ಅವಳು, ಕಾಶೆಮ್ಮ, ಮೂವರೇ. ಶಿವರಾಯ ಅಂಗಳದಲ್ಲಿದ್ದ.

ಕೂಸು ಬಂತು. ಗಂಡು.

ಅಳಲಿಲ್ಲ.

ನೀಲಿಗಟ್ಟಿತ್ತು. ದವಾಖಾನೆಯಲ್ಲಿ ನರ್ಸಮ್ಮಂದಿರು ಮಾಡುವುದನ್ನು ನೋಡಿ ನೋಡಿ ಕಲಿತಿದ್ದೆನಲ್ಲ, ಬಾಯಿ ಒರೆಸಿದೆ, ಅಂಗಾಲು ತಟ್ಟಿದೆ, ಕೈಗೆ ಸಿಕ್ಕ ಅರಿವೆಯಿಂದ ಬೆನ್ನು ತಿಕ್ಕಿದೆ. ನೋಡಿದರೆ ಆ ಹಳದಿ ಫ್ರಾಕು. ಎದೆಯಲ್ಲಿ ಎಲ್ಲೋ ಸಣ್ಣಗೆ ಮಿಡಿತ ಇತ್ತು, ಉಸಿರು ಮಾತ್ರ ಇಲ್ಲ.

“ಶಿವರಾಯಾ, ಓಡು! ಟಂಟಂ ತಗೊಂಡು ಬಾ, ಚಂದ್ರಮ್ಮಗೂ ಕರ್ಕೊಂಡು ಬಾ!” ಅಂತ ಒಳಗಿಂದಲೇ ಕಿರುಚಿದೆ. ಅವನ ಹೆಜ್ಜೆ ತೊಗರಿಯೊಳಗೆ ದೂರವಾಯಿತು. ನಾನು ತಿಕ್ಕುತ್ತಲೇ ಇದ್ದೆ. ಕಾಶೆಮ್ಮ ಹೊಕ್ಕಳ ಹುರಿ ಕಟ್ಟಿ ಕತ್ತರಿಸಿದಳು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಹೆಜ್ಜೆ ಕೇಳಿಸಿತು. ಹಗುರ ಹೆಜ್ಜೆ, ಬಾಗಿಲ ತನಕ ಬಂದು ನಿಂತವು.

“ಬಂದ್ಳು ಚಂದ್ರಮ್ಮ,” ಅಂದಳು ಕಾಶೆಮ್ಮ. ಕೂಸನ್ನು ಆ ಅರಿವೆಯ ಸಮೇತ ನನ್ನ ಕೈಯಿಂದ ತೆಗೆದುಕೊಂಡು ಮೊರದಲ್ಲಿ ಮಲಗಿಸಿದಳು. ನಾನು ಬಿಡಲೊಲ್ಲೆ ಅಂದೆ. “ಸುಸೀಲಾ, ನಿನ್ ಕೈಲೆ ಆಗೋದು ಮುಗೀತು, ಬಿಡು,” ಅಂದಳು. ಬಾಗಿಲನ್ನು ಅರ್ಧ ತೆರೆದು ಮೊರವನ್ನು ಕತ್ತಲೆಗೆ ಚಾಚಿದಳು.

“ಈ ಕೂಸು ಯಾರ್ದು?”

ತೊಗರಿ ಗಲಗಲ ಅಂದಿತು. 

“ಈ ಕೂಸು ಯಾರ್ದು?”

ಯಾರೂ ಅನ್ನಲಿಲ್ಲ. ಆಗಲೇ ನನಗೆ ಹೊಳೆದದ್ದು, ಮನೆಯವರಲ್ಲದವರು ಯಾರು ಬಂದರೂ ಹರಿದು ಹಾಕುವ ಕುರಿನಾಯಿ ಮೋತ್ಯಾ ಬೊಗಳೇ ಇಲ್ಲ. ಕುಂಯ್ ಕುಂಯ್ ಅಂತಿದೆ... ತನ್ನ ಜೊತೆ ರೊಟ್ಟಿ ಹಂಚಿಕೊಳ್ಳುವವರ ಹತ್ತಿರ ಕುಂಯ್‌ಗುಟ್ಟುವ ಹಾಗೆ.

ಕಾಶೆಮ್ಮ ಮೊರವನ್ನು ಇನ್ನಷ್ಟು ಆಚೆ ಚಾಚಿದಳು. “ಈ ಕೂಸು... ಯಾರ್ದು?”

ಪಟ್. ಪಟ್. ಪಟ್.

“ನಂದು.”

 ಸಣ್ಣ ದನಿ. ದೊಡ್ಡವರ ಎತ್ತರದಿಂದ ಅಲ್ಲ, ಸೊಂಟದ ಎತ್ತರದಿಂದ ಬಂತು.

“ಮೊರ ಹಗೂರಾತು ಸುಸೀಲಾ...” ಕಾಶೆಮ್ಮ ಪಿಸುಗುಟ್ಟಿದಳು. “ಮೊರದಾಗ ಏನೂ ಇಲ್ದಂಗ ಆಗೇದ...” ಎರಡು ಉಸಿರಿನಷ್ಟು ಹೊತ್ತು ಹಾಗೇ ನಿಂತಳು. ಆಮೇಲೆ ಅವಳ ಮೊಣಕೈ ಭಾರಕ್ಕೆ ಕುಸಿಯಿತು. ಮತ್ತು ಕೂಸು ಅತ್ತಿತು. ಮನೆ ಹಾರಿಹೋಗುವ ಹಾಗೆ ಅತ್ತಿತು.

ಆ ಸದ್ದಿನಲ್ಲಿ ಮಹಾನಂದಾ ಎದ್ದದ್ದು ನನಗೆ ತಿಳಿಯಲಿಲ್ಲ. ಚೀಲದ ಮೇಲಿಂದ ಅಂಬೆಗಾಲಿಟ್ಟು ಬಾಗಿಲ ಕಡೆ ಹೊರಟಿದ್ದಳು, ನೆಲದುದ್ದಕ್ಕೂ ರಕ್ತ. “ಭಾಗೀ... ಒಳಗ ಬಾ ನಮ್ಮವ್ವ. ಹೊರಗ ಥಂಡಿ ಅದ. ನಿನ್ ಕಂಬಳಿ ಇಲ್ಲೇ ಅದ, ಬಾ...”

ನಾನು ಅವಳ ಎರಡೂ ಕೈ ಹಿಡಿದು ಹಿಂದಕ್ಕೆ ಎಳೆದೆ. ರಕ್ತ ಹೋಗುತ್ತಿತ್ತು, ಎಳೆಯದೆ ಏನು ಮಾಡಲಿ? ಅವಳು ನನ್ನ ಮುಂಗೈ ಕಚ್ಚಿದಳು. ನಾನು ಬಿಡಲಿಲ್ಲ. “ಬಿಡೇ ಅಕ್ಕಾ, ಬಾಗಲದಾಗ ನಿಂತಾಳ! ಒಂದ್ಸಲ ನೋಡ್ತೀನಿ, ಒಂದೇ ಸಲ...” ಬಿಡಲಿಲ್ಲ. ಹೊರಗೆ ಹಗುರ ಹೆಜ್ಜೆಗಳು ಹಿಂದೆ ಸರಿದವು. ಓಡಲಿಲ್ಲ, ಕರೆಯಲಿ ಅಂತ ಕಾಯುತ್ತಾ ಹೋಗುವ ಮಕ್ಕಳ ಹಾಗೆ ನಿಂತು ನಿಂತು ಹೋದವು.

ಟಂಟಂನ ಬೆಳಕು ಆಮೇಲೆ ಅಂಗಳಕ್ಕೆ ಬಿತ್ತು. ಚಂದ್ರಮ್ಮ ಸೆರಗಿನಲ್ಲಿ ಒಂದು ಹಿಡಿ ಜೋಳ ಕಟ್ಟಿಕೊಂಡು ಇಳಿದಳು. “ಗಾಡಿ ಚಾಲೂನೇ ಆಗವಲ್ದಾಗಿತ್ತು ನಮ್ಮವ್ವ... ಕೇಳೋದು ಇನ್ನೂ ಆಗಿಲ್ಲಲ್ಲ?”

 ಕಾಶೆಮ್ಮ ಟಾರ್ಚು ಹಿಡಿದು ಮೊರ ತೋರಿಸಿದಳು. ಕೂಸಿನ ಕಾಲ ಹತ್ತಿರ ನಾಲ್ಕು ಪುಟಾಣಿ. ಒಂದು ಅರ್ಧ ಕಚ್ಚಿದ್ದು.

ನೀವು ಏನು ಹೇಳುತ್ತೀರಿ ಅಂತ ಗೊತ್ತು. ಫ್ರಾಕಿನಲ್ಲಿ ಉಳಿದಿರಬೇಕು. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಆದರೆ ಜೇಬು ಸುಟ್ಟವಳು ನಾನು, ಬಟ್ಟೆ ಕುದಿಸಿದವಳು ನಾನು. ಕುದಿಸಿದ ಪುಟಾಣಿ ಹಿಟ್ಟಾಗಬೇಕಿತ್ತು. ಇವು ಗರಿಗರಿಯಾಗಿದ್ದವು.

ಆ ರಾತ್ರಿಯೇ ಬಸವಕಲ್ಯಾಣಕ್ಕೆ ಒಯ್ದೆವು. ಹತ್ತುವುದಿಲ್ಲ ಅಂದಿದ್ದ ಪಾವಟಿಗೆಯನ್ನು ಮಹಾನಂದಾ ಶಿವರಾಯನ ಹೆಗಲ ಮೇಲೆ ಹತ್ತಿದಳು. ತಾಯಿ, ಕೂಸು ಇಬ್ಬರೂ ಉಳಿದರು. ದೇವರು ದೊಡ್ಡವನು ಅಂತ ಎಲ್ಲರೂ ಅಂದರು. ನನ್ನ ತಂಗಿ ಮಾತ್ರ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಬಿಡುವ ಮುಂಚೆ ಒಂದೇ ಮಾತು ಅಂದಿದ್ದಳು. “ನನ್ ಮಗಳು ಬಾಗಲ ತನಕ ಬಂದಿದ್ಳು. ನೀ ನನ್ ಕೈ ಹಿಡ್ದಿ.”

ಹುಡುಗನಿಗೆ ಈಗ ಮೂರು ತುಂಬಿದೆ. ತಿಪ್ಪಣ್ಣ ಅಂತ ಕರೆಯುತ್ತೇವೆ. ಗುಂಡುಗುಂಡಾಗಿದ್ದಾನೆ. ಜವಳ ಇನ್ನೂ ತೆಗೆದಿಲ್ಲ, ಕೂದಲು ಬೆನ್ನಿಗೆ ಬಂದಿದೆ. ಎರಡು ಜಡೆ ಹಾಕಿ ರಿಬ್ಬನ್ ಕಟ್ಟುತ್ತಾಳೆ ತಾಯಿ. ಹಿಂದಿನಿಂದ ನೋಡಿದರೆ ಭಾಗಿಯೇ.

ಈ ಚಳಿಗಾಲದಲ್ಲಿ ಹೋದಾಗ ಒಂದು ಸೇರು ಜೋಳ ಗಂಟು ಕಟ್ಟಿಕೊಂಡೇ ಹೋದೆ. “ಹೊಸ್ತಿಲ ಮ್ಯಾಲ ಇಟ್ಟು ಕೂಸಿಗ್ ಬಿಡಿಸ್ಕೊಂಡು ಬಿಡೂಣು. ಹಿಂಗ ಇಡಬಾರ್ದು, ನಂಗ ಅಂಜಿಕಿ ಬರ್ತದ,” ಅಂದೆ.

ಮಹಾನಂದಾ ಹುಡುಗನ ಜಡೆ ಹೆಣೆಯುತ್ತಿದ್ದಳು. ತಲೆ ಎತ್ತಲಿಲ್ಲ. “ಬಿಡಿಸ್ಕೊಂಡ್ರ ಆಕಿ ಮತ್ತ ಯಾಕ ಬರ್ತಾಳ ಅಕ್ಕಾ?”

ಜೋಳದ ಗಂಟು ಮೂಲೆಯಲ್ಲೇ ಉಳಿಯಿತು.

ಆ ಮನೆಯಲ್ಲಿ ಹೆರಿಗೆಯ ರಾತ್ರಿಯಿಂದ ಬಾಗಿಲಿಗೆ ಚಿಲಕ ಹಾಕುವುದಿಲ್ಲವಂತೆ. ನನಗೆ ಗೊತ್ತಿರಲಿಲ್ಲ. ಎಲ್ಲರೂ ಮಲಗಿದ ಮೇಲೆ ಬಾಗಿಲಿಂದ ಥಂಡಿ ಗಾಳಿ ಬಂದು, ಹುಡುಗ ಮುದುಡಿಕೊಂಡ. ಚಿಲಕ ಹಾಕೋಣ ಅಂತ ಎದ್ದೆ. ಕೈ ಚಿಲಕದ ಮೇಲೆ ಇತ್ತು, ಅಷ್ಟರಲ್ಲಿ ಹುರಿದ ಪುಟಾಣಿಯ ವಾಸನೆ ಬಂತು. ಮೋತ್ಯಾ ಕುಂಯ್ ಅಂತು. ಬಾಗಿಲಿನ ಆಚೆ, ನನ್ನ ಸೊಂಟದ ಎತ್ತರದಲ್ಲಿ...

ಪಟ್. ಪಟ್. ಪಟ್.

ಹಿಂದೆ ಹುಡುಗ ನಿದ್ದೆಯಲ್ಲಿ ನಕ್ಕ.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಚಿಲಕ ಹಾಕಿದರೆ ಅವಳು ಹೊರಗೆ ಥಂಡಿಯಲ್ಲಿ. ತೆರೆದು ಒಳಗೆ ಕರೆದರೆ ಅವಳು ಕೊಂಡ ಕೂಸು ಇಲ್ಲೇ ಮಲಗಿದೆ, ಕರೆದುಕೊಂಡು ಹೋದರೆ? ಹಾಕಲೂ ಆಗಲಿಲ್ಲ, ತೆರೆಯಲೂ ಆಗಲಿಲ್ಲ. ಆಚೆಯ ಹೆಜ್ಜೆಗಳು ಕಾದವು. ಆಮೇಲೆ ನಿಂತು ನಿಂತು ಹೋದವು.

ಬಾ ಅಂತ ಒಂದು ಮಾತು ಅನ್ನಬೇಕಿತ್ತು. ನಾನು ಅವಳ ದೊಡ್ಡವ್ವ. ಅನ್ನಲಿಲ್ಲ.