ಎಡಗಡೆಯ ಬ್ರೇಕು

ಮೂರು ವರ್ಷದ ಹಿಂದೆ ನಾನು ಗೋಕಾಕದ ಒಂದು ಡ್ರೈವಿಂಗ್ ಶಾಲೆಯಲ್ಲಿ ಹಿರಿಯ ತರಬೇತುದಾರನಾಗಿದ್ದೆ. ಹುಕ್ಕೇರಿ, ಮೂಡಲಗಿ ಕಡೆಯಿಂದಲೂ ಜನ ಕಲಿಯಲು ಬರುತ್ತಿದ್ದರು. ಆ ಸರ್ ಕೈಗೆ ಸಿಕ್ಕರೆ ಯಾರಿಗಾದರೂ ಬೇಗ ಗಾಡಿ ಬರುತ್ತದೆ ಎಂಬ ಹೆಸರು ನನಗಿತ್ತು. ಆ ಹೆಸರಿನ ಮೇಲೆ ನಾನು ಸಾಕಷ್ಟು ಮೆರೆದೂ ಇದ್ದೆ.

ಆಗ ಬಂದವರು ಕಲ್ಲೋಳಿಯ ಅಂಗನವಾಡಿ ಶಿಕ್ಷಕಿ ಸುರೇಖಾ. ಗಂಡ ಲಾರಿ ಚಾಲಕ, ಊರಲ್ಲಿರುವುದೇ ಅಪರೂಪ. ಸುರೇಖಾ ಅವರ ತಾಯಿಗೆ ವಾರಕ್ಕೆರಡು ಸಲ ಗೋಕಾಕದಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಅದು ಮುಗಿದ ಮೇಲೆ ಆಕೆಗೆ ಬಸ್ಸಿನಲ್ಲಿ ನಿಲ್ಲುವ ತ್ರಾಣ ಇರುತ್ತಿರಲಿಲ್ಲ, ಬೈಕಿನ ಹಿಂದೆ ಕೂರುವುದಂತೂ ದೂರದ ಮಾತು. ಮನೆಯ ಮುಂದೆ ಗಂಡನ ಹಳೇ ಕಾರು ಸುಮ್ಮನೆ ನಿಂತಿತ್ತು.

“ನನಗ ಊರೂರು ತಿರಗಾಕ ಬ್ಯಾಡ್ರಿ ಸರ. ಅವ್ವನ್ನ ದವಾಖಾನಿಗೆ ಒಯ್ದು ತಂದ್ರ ಸಾಕು,” ಎಂದರು ಮೊದಲ ದಿನ.

ಸ್ಟಿಯರಿಂಗ್, ಗೇರ್ ಎಲ್ಲ ಬೇಗ ಹಿಡಿದರು. ತೊಂದರೆ ಆದದ್ದು ದವಾಖಾನೆಗೆ ಹೋಗುವ ರಸ್ತೆಯ ಏರಿನಲ್ಲಿ. ಏರಿನಲ್ಲಿ ನಿಂತ ಗಾಡಿ ಹಿಂದೆ ಜಾರದಂತೆ ಎತ್ತಬೇಕಾದರೆ ಕ್ಲಚ್ಚನ್ನು ಅರ್ಧ ಮಾತ್ರ ಬಿಡಬೇಕು, ಎಂಜಿನ್ ಎಳೆಯತೊಡಗಿದ್ದು ತಿಳಿದ ಮೇಲೆ ಬ್ರೇಕಿನಿಂದ ಕಾಲು ತೆಗೆಯಬೇಕು. ಇದಕ್ಕೆ ಹಾಫ್ ಕ್ಲಚ್ ಎನ್ನುತ್ತೇವೆ. ಇದು ಬಾಯಿಂದ ಹೇಳಿದರೆ ಬರುವುದಿಲ್ಲ, ಕಾಲಿಗೆ ತಾನೇ ತಿಳಿಯಬೇಕು.

ಅವರ ಕೈಯಲ್ಲಿ ಎಂಜಿನ್ ಮತ್ತೆ ಮತ್ತೆ ಬಂದ್ ಬಿತ್ತು. ಹಿಂದಿನಿಂದ ಹಾರ್ನ್ ಶುರುವಾಯಿತು. ಪಾನ್ ಅಂಗಡಿಯ ಮುಂದೆ ನಿಂತವರು ನಗತೊಡಗಿದರು. ಕಾರಿನ ಮೇಲೆ ನಮ್ಮ ಶಾಲೆಯ ಬೋರ್ಡು ಇತ್ತಲ್ಲ, ಅವರು ನನ್ನನ್ನೇ ನೋಡಿ ನಕ್ಕಂತೆನಿಸಿ ನನಗೆ ಉರಿಯಿತು. ತರಬೇತಿ ಕಾರಿನಲ್ಲಿ ಎಡಗಡೆ ಕೂರುವ ಶಿಕ್ಷಕನ ಕಾಲಡಿಯಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಅಪಾಯ ಬಂದರೆ ಮಾತ್ರ ಒತ್ತಲೆಂದು ಕೊಟ್ಟದ್ದು. ನಾನು ಸದ್ದಿಲ್ಲದೆ ಬ್ರೇಕ್ ಹಿಡಿದೆ, ಕ್ಲಚ್ಚನ್ನು ಅರ್ಧಕ್ಕೆ ತಡೆದು, “ಈಗ ಎಕ್ಸಲರೇಟರ್ ಕೊಡ್ರಿ,” ಎಂದೆ. ನಾನು ಬ್ರೇಕ್ ಬಿಟ್ಟೆ, ಕಾರು ಸಲೀಸಾಗಿ ಏರಿತು.

“ಬಂತ್ರಿ ಸರ,” ಎಂದರು. ಮುಖ ಅರಳಿತ್ತು.

“ಭೇಷ್ ಅಕ್ಕಾರ,” ಎಂದೆ.

ಮರುದಿನವೂ ಹಾಗೇ ಮಾಡಿದೆ, ಅದರ ಮರುದಿನವೂ. ಪರೀಕ್ಷೆಯ ಮೈದಾನ ಸಪಾಟಾಗಿತ್ತು. ಅಲ್ಲಿ ತಾವೇ ಓಡಿಸಿ ಪಾಸಾದರು.

ಲೈಸೆನ್ಸ್ ಬಂದ ಸ್ವಲ್ಪ ದಿನಕ್ಕೇ ಸುರೇಖಾ ಅವರಿಂದ ಫೋನ್ ಬಂತು. ನಾನು ಓಡಿದೆ. ಅದೇ ಏರಿನಲ್ಲಿ ಮುಂದೆ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತಂತೆ, ಸುರೇಖಾ ಅದರ ಹಿಂದೆ ಸರಿಯಾಗಿಯೇ ನಿಲ್ಲಿಸಿದ್ದರಂತೆ. ಹೊರಡುವಾಗ ಕಾರು ಹಿಂದಕ್ಕೆ ಜಾರಿ ಹಿಂದಿದ್ದ ಬೈಕೊಂದನ್ನು ಕೆಡವಿತ್ತು. ಬೈಕಿನವನ ಪಾದದ ಎಲುಬು ಮುರಿದಿತ್ತು. ತಾಯಿಯನ್ನು ಯಾರೋ ಆಟೋದಲ್ಲಿ ದವಾಖಾನೆಗೆ ಕಳಿಸಿದ್ದರು.

“ಯಾರ ಕಲಿಸ್ಯಾರ ನಿಮಗ?” ಎಂದು ಪೊಲೀಸರು ಕೇಳಿದರು.

ಸುರೇಖಾ ನನ್ನ ಕಡೆ ಕೈ ತೋರಿಸಿದರು. “ಸರ ಚೊಲೋ ಕಲಿಸ್ಯಾರ್ರಿ. ನಾನ ಗಾಬರ್ಯಾಗಿ ಮರ್ತೇನಿ.”

ನಾನು ಹೌದೆನ್ನುವಂತೆ ತಲೆಯಾಡಿಸಿದೆ. ನನ್ನ ಕಾಲು ಮಾಡಿದ ತಪ್ಪಿಗಿಂತ ಹಾಗೆ ತಲೆಯಾಡಿಸಿದ್ದಕ್ಕೆ ನನಗೆ ಇಂದಿಗೂ ಹೆಚ್ಚು ನಾಚಿಕೆಯಾಗುತ್ತದೆ.

ಆಮೇಲೆ ಸುರೇಖಾ ಬಹಳ ದಿನ ಕಾರು ಮುಟ್ಟಲಿಲ್ಲ. ಒಂದು ಸಂಜೆ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಕಂಡರು. ತಾಯಿ ಮಗಳ ತೊಡೆಯ ಮೇಲೆ ತಲೆಯಿಟ್ಟು ಬೆಂಚಿನ ಮೇಲೆ ಮಲಗಿದ್ದರು. ಬಂದ ಬಸ್ಸು ತುಂಬಿತ್ತು, ಇವರನ್ನು ಬಿಟ್ಟೇ ಹೋಯಿತು. ನನ್ನಿಂದ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಆ ಏರನ್ನು ಅವರು ಒಂದು ಸಲವೂ ಹತ್ತಿರಲಿಲ್ಲ, ಹತ್ತಿಸಿದ್ದು ನಾನು ಎಂದೆ.

ಅವರು ತಾಯಿಯ ಸೆರಗು ಸರಿಪಡಿಸಿದರು. ಆಮೇಲೆ ಕೇಳಿದರು, “ಹಂಗಾರ ಭೇಷ್ ಅಂದದ್ದು ಯಾರಿಗ್ರಿ?”

ಆ ಭೇಷನ್ನು ನಾನು ನನಗೇ ಹೇಳಿಕೊಂಡಿದ್ದೆ.

ಮತ್ತೆ ಕಲಿಸುತ್ತೇನೆ ಎಂದೆ. ರಜೆಯ ದಿನ ತಮ್ಮದೇ ಕಾರಿನಲ್ಲಿ ಕಲಿಯಲು ಅವರು ಒಪ್ಪಿದರು. ಅದರಲ್ಲಿ ನನ್ನ ಕಡೆ ಪೆಡಲ್ ಇರಲಿಲ್ಲ. ಊರ ಹೊರಗೆ ಖಾಲಿ ಏರೊಂದನ್ನು ಹುಡುಕಿದೆವು. ಎಂಜಿನ್ ಬಂದ್ ಬಿದ್ದಾಗಲೆಲ್ಲ, “ಈಗ ಏನ ಕೇಳಿಸ್ತ್ರಿ?” ಎಂದಷ್ಟೇ ಕೇಳುತ್ತಿದ್ದೆ. ಉತ್ತರ ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳುತ್ತಿದ್ದೆ. ಕೆಲವು ವಾರಗಳ ಮೇಲೆ ಒಂದು ಮುಂಜಾನೆ ಅವರೇ, “ತಡೀರಿ, ಎಂಜಿನ್ ದನಿ ಇಳೀತು. ಈಗ ಬ್ರೇಕ್ ಬಿಡ್ತೇನಿ,” ಎಂದರು. ಕಾರು ಒಂದಿಷ್ಟೂ ಜಾರದೆ ಏರಿತು. ಈಗ ತಾಯಿಯನ್ನು ಅವರೇ ಕರೆದೊಯ್ಯುತ್ತಾರೆ. ನನ್ನ ಜೊತೆ ಮೊದಲಿನ ಸಲುಗೆಯಿಂದ ಮಾತಾಡುವುದಿಲ್ಲ, ಅದು ಸರಿಯೇ.

ಕಲಿಯುವವರು ತಡವರಿಸುವಾಗ ಪಕ್ಕದಲ್ಲಿ ಕೈಕಾಲು ಕಟ್ಟಿ ಕೂರುವುದು ನನ್ನ ಕೆಲಸದ ಅತ್ಯಂತ ಕಷ್ಟದ ಭಾಗ ಎಂದು ನನಗೆ ತಿಳಿಯಲು ಒಬ್ಬನ ಕಾಲು ಮುರಿಯಬೇಕಾಯಿತು. ತಿಳಿದ ಮೇಲೂ ನೆಮ್ಮದಿಯಿಲ್ಲ. ಅವಸರದಲ್ಲಿ ನಾನು ಏರು ಹತ್ತಿಸಿದ್ದು ಸುರೇಖಾ ಒಬ್ಬರನ್ನೇ ಅಲ್ಲ.

ಹೋದ ತಿಂಗಳು ಹುಕ್ಕೇರಿ ಸಂತೆಯ ದಿನ ಕಾರೊಂದು ನನ್ನ ಪಕ್ಕಕ್ಕೆ ಬಂದು ನಿಂತಿತು. ಹಿಂದೆ ಹೆಂಡತಿ, ಮಕ್ಕಳು. ಓಡಿಸುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ.

“ಸರ, ನಮಸ್ಕಾರ್ರಿ. ನಿಮ್ಮ ಕೈಯಾಗ ಕಲ್ತದ್ದು, ನಿಶ್ಚಿಂತಿ ಹೊಡ್ಯಾಕತ್ತೇನಿ. ಈಗ ಅಂಬೋಲಿ ಘಾಟಿಗೆ ಹೊಂಟೇವಿ.”

“ಏರಿನ್ಯಾಗ ಗಾಡಿ ನಿಂತ್ರ ಎತ್ತಾಕ ಬರ್ತೈತೇನ ತಮ್ಮಾ?”

ಅವನು ನಕ್ಕ. “ನಮ್ಮೂರಾಗ ಏರು ಎಲ್ಲೈತ್ರಿ ಸರ?”

ನಾನು ಕಾರಿನ ಬಾಗಿಲು ಹಿಡಿದುಕೊಂಡೆ. “ನಿನಗ ನಾ ಏರು ಕಲಿಸಿಲ್ಲ, ಆವಾಗ ಹತ್ತಿಸಿದ್ದು ನನ್ನ ಕಾಲು,” ಎಂದೆ, ಅವನ ಹೆಂಡತಿ ಮಕ್ಕಳಿಗೂ ಕೇಳುವಂತೆ. “ಇವರನ್ನ ಇಲ್ಲೇ ಇಳಸು.”